ಕಾಂಡೋಮ್‌ನಲ್ಲಿ ಕಾಣದ ತೂತು? ಸತ್ಯಾಂಶ ಇಲ್ಲಿದೆ

"ಕಾಂಡೋಮ್‌ನಲ್ಲಿ ಕಣ್ಣಿಗೆ ಕಾಣದ ತೂತುಗಳಿವೆ, ಎಚ್‌ಐವಿ ಸಲೀಸಾಗಿ ದಾಟುತ್ತದೆ" ಎಂಬ ವಾಟ್ಸಾಪ್ ಸಂದೇಶ ಸುಳ್ಳು.

ಕಾಂಡೋಮ್ ತಯಾರಿಸುವ ರಬ್ಬರ್, ಅಂದರೆ ಲ್ಯಾಟೆಕ್ಸ್‌ನ ಹರಿಯದ ಪದರವನ್ನು ಎಚ್‌ಐವಿ ದಾಟಲಾರದು. ಕಾರ್ಖಾನೆಯಲ್ಲಿ ಒಂದೊಂದು ಕಾಂಡೋಮನ್ನೂ ವಿದ್ಯುತ್ ಹಾಯಿಸಿ ಪರೀಕ್ಷಿಸುತ್ತಾರೆ. ಲ್ಯಾಟೆಕ್ಸ್ ಕರೆಂಟ್ ಬಿಡುವುದಿಲ್ಲ. ದಾಟಿತು ಅಂದ್ರೆ ಅಲ್ಲಿ ತೂತಿದೆ, ಅದು ನೇರ ಕಸಕ್ಕೆ. ಪ್ರತಿ ಬ್ಯಾಚ್‌ನಿಂದ ಕೆಲವನ್ನು ಆರಿಸಿ, ನೀರು ತುಂಬಿಸಿ, ಗಾಳಿ ಊದಿಯೂ ನೋಡುತ್ತಾರೆ.

ಕೈಕೊಡುವುದು ಹೆಚ್ಚಾಗಿ ನಮ್ಮ ಬಳಕೆಯೇ. ಪರ್ಸ್‌ನಲ್ಲಿ ತಿಂಗಳುಗಟ್ಟಲೆ ಇಟ್ಟಿದ್ದು, ಅವಧಿ ಮುಗಿದಿದ್ದು ಹರಿಯಬಹುದು. ಜಾರಲೆಂದು ಕೊಬ್ಬರಿ ಎಣ್ಣೆ ಹಚ್ಚುವುದಂತೂ ಬೇಡವೇ ಬೇಡ, ಲ್ಯಾಟೆಕ್ಸ್ ನಿಮಿಷಗಳಲ್ಲೇ ದುರ್ಬಲವಾಗುತ್ತದೆ. ಒಂದರ ಮೇಲೊಂದು ಹಾಕುವುದೂ ಬೇಡ. (ಇದನ್ನೆಲ್ಲ ಶಾಲೆಯಲ್ಲೇ ಹೇಳಬೇಕಿತ್ತು, ಅಲ್ವಾ?) ಚರ್ಮ ತಾಗಿ ಹರಡುವ ಹರ್ಪಿಸ್‌ನಂಥ ಸೋಂಕಿಗೆ ಮಾತ್ರ ರಕ್ಷಣೆ ಸ್ವಲ್ಪ ಕಡಿಮೆ.

ಅನುಮಾನವಿದ್ದರೆ ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097ಕ್ಕೆ ಉಚಿತವಾಗಿ ಕರೆ ಮಾಡಿ ಕೇಳಬಹುದು.