ಎಡಗಾಲಿನ ಆಟಗಾರ್ತಿ ಬೇಕಾಗಿದ್ದಾಳೆ

ಕನ್ನಡ ಕೂಟದ ಯುಗಾದಿ ಊಟದಲ್ಲಿ ಯಾರಾದರೂ ತಮ್ಮ ಮಗಳು ಕಾಲೇಜು ತಂಡಕ್ಕೆ ಸಾಕರ್, ಅಂದರೆ ನಮ್ಮೂರಿನ ಫುಟ್‌ಬಾಲ್, ಆಡುತ್ತಾಳೆಂದು ಹೇಳಿದರೆ, ಎದುರಿಗಿದ್ದವರು ಮೊದಲು ಕೇಳುವುದು "ಡಿವಿಷನ್ ಒನ್ನಾ?" ಎಂದು. ಹೌದೆಂದರೆ ಹುಬ್ಬೇರುತ್ತದೆ, ಡಿವಿಷನ್ ತ್ರೀ ಎಂದರೆ "ಇರಲಿ ಬಿಡಿ, ಓದೂ ಮುಖ್ಯ ಅಲ್ವಾ" ಎಂಬ ಸಮಾಧಾನದ ಮಾತು ಬರುತ್ತದೆ. ಸಿಇಟಿ ರ‍್ಯಾಂಕಿನಿಂದ ಹುಡುಗರನ್ನೂ, ಅಲ್ಲಿ ಸೇರಿದ ಹುಡುಗರ ರ‍್ಯಾಂಕಿನಿಂದ ಕಾಲೇಜನ್ನೂ ಅಳೆಯುತ್ತ ಬೆಳೆದ ನಮ್ಮ ತಲೆಮಾರಿಗೆ, ಅಮೆರಿಕದ ಕಾಲೇಜು ಕ್ರೀಡೆಯ ಈ ಮೂರು ವಿಭಾಗಗಳು ಪ್ರಥಮ, ದ್ವಿತೀಯ, ತೃತೀಯ ದರ್ಜೆಗಳಂತೆ ಕಾಣುವುದು ಸಹಜವೇ. ಆದರೆ ನಾರ್ತ್ ಕೆರೊಲೈನಾದಲ್ಲಿ ನೆಲೆಸಿ, ಮಗಳ ಹಿಂದೆ ಮೈದಾನದಿಂದ ಮೈದಾನಕ್ಕೆ ತಿರುಗುತ್ತಿರುವ ನನ್ನ ಅನಿಸಿಕೆಯಂತೆ, ಈ ಪ್ರಶ್ನೆಯಿಂದ ಲೆಕ್ಕ ಶುರು ಮಾಡುವ ತಂದೆತಾಯಂದಿರು ಆಟದ ಮಟ್ಟವನ್ನೂ ತಿಳಿಯುವುದಿಲ್ಲ, ಆಯ್ಕೆ ನಡೆಯುವ ಬಗೆಯನ್ನೂ ತಿಳಿಯುವುದಿಲ್ಲ.

ಕಾಲೇಜುಗಳ ಕ್ರೀಡಾ ಸಂಘಟನೆಯಾದ ಎನ್‌ಸಿಎಎ ಮಾಡಿರುವ ಈ ವಿಂಗಡಣೆ ಮುಖ್ಯವಾಗಿ ದುಡ್ಡಿನದು. ಕಾಲೇಜು ಎಷ್ಟು ಕ್ರೀಡೆಗಳನ್ನು ನಡೆಸಬೇಕು, ಆಟಗಾರರಿಗೆ ಎಷ್ಟು ವಿದ್ಯಾರ್ಥಿವೇತನ ಕೊಡಬಹುದು ಎಂಬ ನಿಯಮಗಳಿಂದ ವಿಭಾಗ ತೀರ್ಮಾನವಾಗುತ್ತದೆಯೇ ಹೊರತು, ಗೆದ್ದವರು ಮೇಲಿನ ವಿಭಾಗಕ್ಕೆ ಏರುವುದು, ಸೋತವರು ಕೆಳಕ್ಕೆ ಇಳಿಯುವುದು ಎಂಬ ಪದ್ಧತಿ ಇಲ್ಲಿಲ್ಲ. ಮೊನ್ನೆ ಮೊನ್ನೆಯವರೆಗೆ ಡಿವಿಷನ್ ಒನ್‌ನ ಮಹಿಳಾ ಸಾಕರ್ ತಂಡವೊಂದಕ್ಕೆ 14 ಪೂರ್ಣ ವಿದ್ಯಾರ್ಥಿವೇತನಗಳ ಮಿತಿಯಿತ್ತು; ಡಿವಿಷನ್ ಟೂನ ಮಿತಿ 9.9. ಈ ಹಣವನ್ನು ಇಪ್ಪತ್ತೈದು ಮೂವತ್ತು ಹುಡುಗಿಯರಿಗೆ ಹರಿದು ಹಂಚಬೇಕಾಗಿದ್ದರಿಂದ, "ಫುಲ್ ಸ್ಕಾಲರ್‌ಶಿಪ್" ಎಂದು ನಮ್ಮವರು ಹೇಳಿಕೊಳ್ಳುವುದು ಸಿಗುತ್ತಿದ್ದುದು ಬೆರಳೆಣಿಕೆಯ ಮಂದಿಗೆ ಮಾತ್ರ. ಉಳಿದವರಿಗೆ ಕಾಲು ಭಾಗ, ಅರ್ಧ ಭಾಗ, ಕೆಲವರಿಗೆ ಬರೀ ಪುಸ್ತಕದ ಖರ್ಚು. ಡಿವಿಷನ್ ತ್ರೀಯಲ್ಲಿ ಆಟಕ್ಕೆಂದು ಒಂದು ಡಾಲರ್ ಕೂಡ ಕೊಡುವಂತಿಲ್ಲ, ಆದರೆ ಅಂಕಗಳನ್ನೂ ಮನೆಯ ಆದಾಯವನ್ನೂ ನೋಡಿ ಕೊಡುವ ನೆರವಿಗೆ ಅಡ್ಡಿಯಿಲ್ಲ. ಇನ್ನು ಹಾರ್ವರ್ಡ್, ಪ್ರಿನ್ಸ್‌ಟನ್ ಮುಂತಾದ ಐವಿ ಲೀಗ್ ವಿಶ್ವವಿದ್ಯಾಲಯಗಳು ಇರುವುದು ಡಿವಿಷನ್ ಒನ್‌ನಲ್ಲೇ, ಆದರೂ ಅವು ಆಟದ ಹೆಸರಿನಲ್ಲಿ ವಿದ್ಯಾರ್ಥಿವೇತನ ಕೊಡುವುದಿಲ್ಲ.

ಡಿವಿಷನ್ ಒನ್ ಒಂದರಲ್ಲೇ ಸುಮಾರು 350 ಮಹಿಳಾ ತಂಡಗಳಿವೆ. ಪುರುಷರ ತಂಡಗಳು ಅದಕ್ಕಿಂತ ಬಹಳ ಕಡಿಮೆ. ಇದಕ್ಕೆ ಕಾರಣ 1972ರ ಟೈಟಲ್ ನೈನ್ ಎಂಬ ಕಾನೂನು. ಸರ್ಕಾರದ ನೆರವು ಪಡೆಯುವ ಶಿಕ್ಷಣ ಸಂಸ್ಥೆಗಳು ಗಂಡು ಹೆಣ್ಣೆಂಬ ಭೇದ ಮಾಡಬಾರದೆಂದು ಅದು ವಿಧಿಸಿದ್ದರಿಂದ, ಅಮೆರಿಕನ್ ಫುಟ್‌ಬಾಲ್‌ಗೆ ಗಂಡುಹುಡುಗರ ದೊಡ್ಡ ದಂಡನ್ನೇ ಕಟ್ಟಿಕೊಂಡ ಕಾಲೇಜುಗಳು ಅದಕ್ಕೆ ಸರಿದೂಗಿಸಲು ಹುಡುಗಿಯರ ಸಾಕರ್ ತಂಡಗಳನ್ನು ಕಟ್ಟಿದವು. ಇಷ್ಟು ದೊಡ್ಡ ಗುಂಪಿನಲ್ಲಿ ಮೇಲಿನ ತುದಿಗೂ ಕೆಳಗಿನ ತುದಿಗೂ ಇರುವ ಅಂತರ ಎಷ್ಟೆಂದರೆ, ಅವುಗಳನ್ನು ಒಂದೇ ಹೆಸರಿನಿಂದ ಕರೆಯುವುದೇ ವಿಚಿತ್ರ. ನಮ್ಮ ರಾಜ್ಯದ ಚಾಪೆಲ್ ಹಿಲ್‌ನಲ್ಲಿರುವ ನಾರ್ತ್ ಕೆರೊಲೈನಾ ವಿಶ್ವವಿದ್ಯಾಲಯ, 1982ರಲ್ಲಿ ಎನ್‌ಸಿಎಎ ಮಹಿಳಾ ಸಾಕರ್ ಚಾಂಪಿಯನ್‌ಷಿಪ್ ಶುರುವಾದಾಗಿನಿಂದ 22 ಬಾರಿ ಅದನ್ನು ಗೆದ್ದಿದೆ. ಅಮೆರಿಕದ ಹೆಸರಾಂತ ಸಾಕರ್ ಆಟಗಾರ್ತಿ ಮಿಯಾ ಹ್ಯಾಮ್ ಆಡಿ ಬೆಳೆದದ್ದು ಅಲ್ಲೇ. 2024ರ ಡಿಸೆಂಬರಿನಲ್ಲಿ ಕ್ಯಾರಿಯ ವೇಕ್‌ಮೆಡ್ ಮೈದಾನದಲ್ಲಿ ಅದು ವೇಕ್ ಫಾರೆಸ್ಟ್ ತಂಡವನ್ನು 1–0ರಿಂದ ಸೋಲಿಸಿ 22ನೆಯದನ್ನು ಎತ್ತಿಕೊಂಡಿತು. ಅಂಥ ಪಂದ್ಯದಲ್ಲಿ ನೋಡಬೇಕಾದದ್ದು ಗೋಲುಗಳನ್ನಲ್ಲ. ಚೆಂಡು ಕಾಲಿಗೆ ಬರುವ ಮೊದಲೇ ಹುಡುಗಿಯರು ಎರಡು ಸಲ ಹಿಂದಕ್ಕೆ ತಿರುಗಿ ಯಾರು ಎಲ್ಲಿದ್ದಾರೆಂದು ನೋಡಿಕೊಂಡಿರುತ್ತಾರೆ. ಬಂದ ಚೆಂಡನ್ನು ನಿಲ್ಲಿಸುವ ಆ ಒಂದು ಮುಟ್ಟಿನಲ್ಲೇ ಅದನ್ನು ಎದುರಾಳಿಯಿಂದ ಆಚೆಗೆ ತಿರುಗಿಸಿರುತ್ತಾರೆ. ಇಷ್ಟು ಬಾರದವರಿಗೆ ಅಲ್ಲಿ ಹತ್ತು ನಿಮಿಷ ನಿಲ್ಲುವುದೂ ಕಷ್ಟ.

ಅದೇ ಡಿವಿಷನ್ ಒನ್‌ನ ಕೆಳತುದಿಯ ತಂಡಗಳ ಆಟದಲ್ಲಿ ಚೆಂಡು ನೆಲಕ್ಕಿಂತ ಗಾಳಿಯಲ್ಲೇ ಹೆಚ್ಚು ಹೊತ್ತು ಇರುತ್ತದೆ. ಡಿವಿಷನ್ ಟೂನಲ್ಲಿ ಮಿಷಿಗನ್‌ನ ಗ್ರ್ಯಾಂಡ್ ವ್ಯಾಲಿ ಸ್ಟೇಟ್, ಡಿವಿಷನ್ ತ್ರೀಯಲ್ಲಿ ಪೆನ್ಸಿಲ್ವೇನಿಯಾದ ಮೆಸಾಯ, ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯ, ಮ್ಯಾಸಚೂಸೆಟ್ಸ್‌ನ ವಿಲಿಯಮ್ಸ್ ಕಾಲೇಜುಗಳ ತಂಡಗಳು ತಮ್ಮ ವಿಭಾಗದ ಚಾಂಪಿಯನ್ನರಾದಂಥವು. ಮೇಲೆ ಹೇಳಿದ ಕೆಳತುದಿಯ ತಂಡಗಳು ಇವುಗಳ ಎದುರು ಸುಲಭವಾಗಿ ಗೆಲ್ಲುತ್ತವೆ ಎಂದು ನಾನಂತೂ ಪಣ ಕಟ್ಟಲಾರೆ. ಇದರ ಜೊತೆಗೆ ಕಾಲೇಜು ಸಾಕರಿಗೆ ತನ್ನದೇ ನಿಯಮಗಳಿವೆ. ಮೊದಲ ಅರ್ಧದಲ್ಲಿ ಹೊರಬಂದ ಆಟಗಾರ್ತಿ ಎರಡನೆಯ ಅರ್ಧಕ್ಕೆ ಮತ್ತೆ ಇಳಿಯಬಹುದು, ಆ ಅರ್ಧದಲ್ಲಿ ಹೊರಬಂದರೂ ಒಮ್ಮೆ ಮರಳಬಹುದು. ಹೀಗಾಗಿ ಕೋಚ್‌ಗಳು ಬದಲಿ ಆಟಗಾರ್ತಿಯರನ್ನು ಸಾಲುಸಾಲಾಗಿ ಇಳಿಸುತ್ತ, ತೊಂಬತ್ತು ನಿಮಿಷವೂ ಎದುರಾಳಿಯನ್ನು ಓಡಿ ಒತ್ತುವ ಆಟ ಆಡಿಸುತ್ತಾರೆ. ಓಟ ಮತ್ತು ಮೈಕಟ್ಟಿಗೆ ಇಲ್ಲಿ ಸಿಗುವ ಬೆಲೆ ಚೆಂಡಿನ ಜಾಣತನಕ್ಕೆ ಸಿಗುವುದಿಲ್ಲವೆಂಬ ದೂರು ಹಳೆಯದು. ನನಗೂ ಅದು ನಿಜವೆನ್ನಿಸುತ್ತದೆ.

ಆಯ್ಕೆಯ ವಿಷಯಕ್ಕೆ ಬಂದರೆ ನಮ್ಮೂರಿನ ರೀತಿಗೂ ಇಲ್ಲಿಯದಕ್ಕೂ ಇರುವ ವ್ಯತ್ಯಾಸ ಇನ್ನೂ ಆಳವಾದದ್ದು. ಕರ್ನಾಟಕದಲ್ಲಿ ಕ್ರೀಡಾ ಕೋಟಾ ಎಂದರೆ ಪ್ರಮಾಣಪತ್ರಗಳ ಲೆಕ್ಕ: ರಾಜ್ಯವನ್ನು ಪ್ರತಿನಿಧಿಸಿದ್ದಕ್ಕೆ ಇಷ್ಟು, ರಾಷ್ಟ್ರಮಟ್ಟದ ಪದಕಕ್ಕೆ ಇಷ್ಟು ಎಂಬ ಆದ್ಯತೆಯ ಪಟ್ಟಿ, ಅದರಂತೆ ಸೀಟು. ಅನ್ಯಾಯವಾದರೆ ಪ್ರಶ್ನಿಸಲು ಕೈಯಲ್ಲೊಂದು ಕಾಗದವಿರುತ್ತದೆ ಎಂಬುದು ಅದರ ದೊಡ್ಡ ಗುಣ. ಆದರೆ ಸೀಟು ಸಿಕ್ಕ ಮೇಲೆ ಆ ಹುಡುಗಿ ನಾಲ್ಕು ವರ್ಷ ಆಡಿದಳೋ ಇಲ್ಲವೋ ಎಂದು ಕೇಳುವವರು ಕಡಿಮೆ. ಎಂಜಿನಿಯರಿಂಗ್ ಸೇರಿದ ದಿನವೇ ಬೂಟು ಅಟ್ಟ ಸೇರಿದ ಉದಾಹರಣೆಗಳು ಎಲ್ಲರ ಬಳಗದಲ್ಲೂ ಇವೆ. ಅಮೆರಿಕದ ರೀತಿಗೆ ತುಸು ಹತ್ತಿರವಾದದ್ದು ನಮ್ಮಲ್ಲಿ ಮೂಡುಬಿದಿರೆಯ ಆಳ್ವಾಸ್ ಸಂಸ್ಥೆಯದು: ಕ್ರೀಡಾಪಟುಗಳನ್ನು ಹುಡುಕಿ ದತ್ತು ತೆಗೆದುಕೊಂಡು, ಊಟ ವಸತಿ ಶಿಕ್ಷಣ ಕೊಟ್ಟು, ಅಂತರ ವಿಶ್ವವಿದ್ಯಾಲಯ ಕೂಟಗಳಿಗೆ ಅವರನ್ನು ತಯಾರು ಮಾಡುವ ಪದ್ಧತಿ.

ಇಲ್ಲಿ ಪ್ರಮಾಣಪತ್ರವನ್ನು ಯಾರೂ ಕೇಳುವುದಿಲ್ಲ. ಕೋಚ್‌ನ ಮುಂದಿರುವುದು ಒಂದು ಹಾಳೆ: ಇಂಥ ವರ್ಷ ಯಾರು ಪದವಿ ಮುಗಿಸಿ ಹೋಗುತ್ತಾರೆ, ಯಾವ ಸ್ಥಾನ ಖಾಲಿಯಾಗುತ್ತದೆ ಎಂಬುದರ ಲೆಕ್ಕ. ಎಡಭಾಗದ ಡಿಫೆಂಡರ್ ಬೇಕಾಗಿದ್ದರೆ ಅವನು ಹುಡುಕುವುದು ಎಡಗಾಲಿನ ಆಟಗಾರ್ತಿಯನ್ನೇ. ಪಕ್ಕದ ಮೈದಾನದಲ್ಲಿ ಮೂರು ಗೋಲು ಹೊಡೆದ ಹುಡುಗಿಯ ಕಡೆಗೆ ಅವನು ತಲೆ ಎತ್ತಿಯೂ ನೋಡುವುದಿಲ್ಲ. ಇಸಿಎನ್‌ಎಲ್, ಗರ್ಲ್ಸ್ ಅಕಾಡೆಮಿಯಂಥ ಕ್ಲಬ್ ಲೀಗ್‌ಗಳು ಕಾಲೇಜು ಕೋಚ್‌ಗಳಿಗೆ ಆಟ ತೋರಿಸಲೆಂದು ನಡೆಸುವ ಷೋಕೇಸ್ ಟೂರ್ನಿಗಳಲ್ಲಿ ಈ ದೃಶ್ಯ ಕಣ್ಣಾರೆ ಕಾಣಸಿಗುತ್ತದೆ. ಗೆರೆಯಾಚೆ ಮಡಚುವ ಕುರ್ಚಿಗಳಲ್ಲಿ ಕಾಲೇಜಿನ ಲಾಂಛನವುಳ್ಳ ಜಾಕೆಟ್ ತೊಟ್ಟ ಕೋಚ್‌ಗಳು ಕುಳಿತಿರುತ್ತಾರೆ. ತಾವು ನೋಡಲು ಬಂದ ಹುಡುಗಿಯನ್ನು ಅವಳ ಕ್ಲಬ್‌ನ ಕೋಚ್ ಹೊರಗೆ ಕರೆದುಕೊಂಡರೆ, ಸ್ಕೋರ್ ಏನೇ ಇರಲಿ, ಅವರಲ್ಲಿ ನಾಲ್ಕಾರು ಮಂದಿ ಕುರ್ಚಿ ಮಡಚಿಕೊಂಡು ಬೇರೆ ಮೈದಾನಕ್ಕೆ ನಡೆದುಬಿಡುತ್ತಾರೆ. "ನಮ್ಮ ಹುಡುಗಿಯೇ ಟೀಮಿನ ಟಾಪ್ ಸ್ಕೋರರ್, ಅವಳಿಗೇಕೆ ಮೇಲ್ ಬರಲಿಲ್ಲ ಸಾರ್?" ಎಂದು ಶಿವಮೊಗ್ಗ ಕಡೆಯ ಸ್ನೇಹಿತರೊಬ್ಬರು ಹೀಗೊಂದು ಟೂರ್ನಿಯಲ್ಲಿ ನನ್ನನ್ನು ಕೇಳಿದ್ದರು. ಆ ಕೋಚ್ ಬಳಿ ಆಗಲೇ ಮೂವರು ಫಾರ್ವರ್ಡ್‌ಗಳಿದ್ದರು, ಅಷ್ಟೇ. ಮೆರಿಟ್ ಎಂಬುದು ಸಾಲಿನಲ್ಲಿ ನಿಂತರೆ ತಾನಾಗಿ ಸಿಗಬೇಕಾದ ನ್ಯಾಯವೆಂದು ನಂಬಿದ ನಮಗೆ ಇದನ್ನು ಒಪ್ಪುವುದು ಕಷ್ಟ.

ಡಿವಿಷನ್ ಒನ್ ಕೋಚ್‌ಗಳು ಹತ್ತನೆಯ ತರಗತಿ ಮುಗಿದ ಮೇಲಿನ ಜೂನ್ 15ಕ್ಕಿಂತ ಮುಂಚೆ ಹುಡುಗಿಯರೊಡನೆ ಆಯ್ಕೆಯ ಮಾತುಕತೆ ನಡೆಸುವಂತಿಲ್ಲ. ಈ ನಿಯಮ ಬಂದದ್ದು 2019ರಲ್ಲಿ; ಅದಕ್ಕೂ ಮೊದಲು ಎಂಟನೆಯ ತರಗತಿಯ ಮಕ್ಕಳೂ ಇಂಥ ವಿಶ್ವವಿದ್ಯಾಲಯಕ್ಕೆ ಹೋಗುತ್ತೇನೆಂದು ಮಾತು ಕೊಡುತ್ತಿದ್ದರು. ಹಾಗಾಗಿ ಆ ದಿನ ಬೆಳಗಾಗುತ್ತಲೇ ಕೆಲವರ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತದೆ, ಬಹಳ ಮಂದಿಯದು ಸುಮ್ಮನಿರುತ್ತದೆ. ಅಂದು ಸುಮ್ಮನಿದ್ದ ಫೋನನ್ನು ಕಂಡು ಹದಿನಾರರ ಹುಡುಗಿಯರು ಆಟ ಬಿಟ್ಟುಬಿಡುವ ಯೋಚನೆ ಮಾಡುತ್ತಾರೆ. ಅದರ ಅಗತ್ಯವಿಲ್ಲ. ಡಿವಿಷನ್ ಟೂ ಮತ್ತು ತ್ರೀಯ ಬಹಳಷ್ಟು ತಂಡಗಳು ಹನ್ನೆರಡನೆಯ ತರಗತಿಯವರೆಗೂ ಆಟಗಾರ್ತಿಯರನ್ನು ಹುಡುಕುತ್ತಲೇ ಇರುತ್ತವೆ.

ಈ ಪದ್ಧತಿಯಲ್ಲಿ ನನಗೆ ಎಳ್ಳಷ್ಟೂ ಸರಿಕಾಣದ್ದು ಖರ್ಚು. ಕ್ಲಬ್ ಶುಲ್ಕ, ವಿಮಾನ, ಹೋಟೆಲು, ಆಟಗಾರ್ತಿಯರನ್ನು ಗುರುತಿಸಲೆಂದು ಕಾಲೇಜುಗಳೇ ಶುಲ್ಕ ಪಡೆದು ನಡೆಸುವ ಐಡಿ ಕ್ಯಾಂಪುಗಳು ಎಲ್ಲ ಸೇರಿ ವರ್ಷಕ್ಕೆ ಹಲವು ಸಾವಿರ ಡಾಲರ್ ಹೋಗುತ್ತದೆ, ಅದೂ ಹಲವು ವರ್ಷ. ಸಾಫ್ಟ್‌ವೇರ್ ಸಂಬಳದ ನಾವು ಗೊಣಗಿಕೊಂಡು ಕಟ್ಟುತ್ತೇವೆ. ಹೋಟೆಲಿನಲ್ಲಿ ಪಾತ್ರೆ ತೊಳೆಯುವವರ ಮಗಳು ಎಷ್ಟೇ ಚೆನ್ನಾಗಿ ಆಡಿದರೂ ಆ ಕುರ್ಚಿಗಳ ಮುಂದೆ ಬಂದು ನಿಲ್ಲುವುದೇ ಅಪರೂಪ. ಕ್ರೀಡೆಯಲ್ಲಿ ಪ್ರತಿಭೆಯೊಂದನ್ನೇ ನೋಡುತ್ತಾರೆಂದು ಅಮೆರಿಕವನ್ನು ಹೊಗಳುವ ನಮ್ಮವರು, ಆ ಪ್ರತಿಭೆ ಕೋಚ್‌ನ ಕಣ್ಣಿಗೆ ಬೀಳಲು ಕಟ್ಟಬೇಕಾದ ಸುಂಕವನ್ನು ಮರೆತುಬಿಡುತ್ತಾರೆ.

ಈಚಿನ ಬದಲಾವಣೆಗಳು ಲೆಕ್ಕವನ್ನು ಇನ್ನಷ್ಟು ಬಿಗಿ ಮಾಡಿವೆ. 2025ರ ಜೂನಿನಲ್ಲಿ ನ್ಯಾಯಾಲಯ ಒಪ್ಪಿದ, ಆಟಗಾರರು ಎನ್‌ಸಿಎಎ ವಿರುದ್ಧ ಹೂಡಿದ್ದ ಹೌಸ್ ಪ್ರಕರಣದ ರಾಜಿಯ ಪ್ರಕಾರ, ಅದಕ್ಕೆ ಒಳಪಟ್ಟ ಡಿವಿಷನ್ ಒನ್ ಕಾಲೇಜುಗಳಲ್ಲಿ ವಿದ್ಯಾರ್ಥಿವೇತನದ ಮಿತಿ ಹೋಗಿ, ಮಹಿಳಾ ಸಾಕರ್ ತಂಡದಲ್ಲಿ 28 ಮಂದಿ ಮಾತ್ರ ಇರಬೇಕೆಂಬ ಮಿತಿ ಬಂದಿತು. 28 ಮಂದಿಗೂ ಪೂರ್ಣ ವಿದ್ಯಾರ್ಥಿವೇತನ ಕೊಡಬಹುದು, ಕೊಡಲೇಬೇಕೆಂದೇನೂ ಇಲ್ಲ. ಅದೇ ರಾಜಿಯಂತೆ ಕಾಲೇಜುಗಳು ತಮ್ಮ ಆಟಗಾರರೊಡನೆ ಹಂಚಿಕೊಳ್ಳುವ ವರಮಾನದ ಬಹುಪಾಲು ಅಮೆರಿಕನ್ ಫುಟ್‌ಬಾಲ್ ಮತ್ತು ಪುರುಷರ ಬಾಸ್ಕೆಟ್‌ಬಾಲ್‌ಗೆ ಹೋಗುತ್ತದೆ. ಇತ್ತ ಟ್ರಾನ್ಸ್‌ಫರ್ ಪೋರ್ಟಲ್ ಮೂಲಕ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋದರೂ ವರ್ಷ ಕಳೆದುಕೊಳ್ಳದೆ ಆಡಬಹುದಾದ್ದರಿಂದ, ಎರಡು ವರ್ಷ ಪಳಗಿದ ಇಪ್ಪತ್ತರ ಆಟಗಾರ್ತಿ ಕೈಗೆ ಸಿಗುವಾಗ ಹದಿನೇಳರ ಹುಡುಗಿಯ ಮೇಲೆ ಜೂಜಾಡಲು ಕೋಚ್‌ಗಳಿಗೆ ಮನಸ್ಸಿಲ್ಲ. ಆಟಗಾರ್ತಿಯ ಸ್ವಾತಂತ್ರ್ಯವಾಗಿ ಪೋರ್ಟಲ್ ಸರಿಯಾದದ್ದೇ. ಅದರ ಹೊರೆ ಬಿದ್ದಿರುವುದು ಮಾತ್ರ ಶಾಲೆಯ ಮಕ್ಕಳ ಮೇಲೆ. ಪಯಣದ ಹೊರೆಯೂ ಕಡಿಮೆಯದಲ್ಲ: 2024ರಲ್ಲಿ ಸ್ಟ್ಯಾನ್‌ಫರ್ಡ್, ಬರ್ಕ್ಲಿಗಳು ಅಟ್ಲಾಂಟಿಕ್ ಕರಾವಳಿಯ ಎಸಿಸಿ ಲೀಗನ್ನು ಸೇರಿದ ಮೇಲೆ, ಕ್ಯಾಲಿಫೋರ್ನಿಯಾದ ವಿದ್ಯಾರ್ಥಿನಿಯರು ಲೀಗ್ ಪಂದ್ಯಕ್ಕೆಂದು ದೇಶದ ಒಂದು ಅಂಚಿನಿಂದ ಇನ್ನೊಂದಕ್ಕೆ ಹಾರಬೇಕಾಗಿದೆ. ಭೌತಶಾಸ್ತ್ರದ ಲ್ಯಾಬ್ ಎಲ್ಲಿಗೆ ಹೋಯಿತೋ!

ನಮ್ಮ ಕನ್ನಡ ಮನೆಗಳಿಗೆ ಇನ್ನೊಂದು ತೊಡಕಿದೆ. ಹಸಿರು ಕಾರ್ಡಿನ (ಕಾಯಂ ವಾಸದ ಪರವಾನಗಿಯ) ಸರದಿಯಲ್ಲಿರುವವರ ಮಕ್ಕಳು ಅವಲಂಬಿತರಿಗೆ ಕೊಡುವ ಎಚ್-4 ವೀಸಾದಲ್ಲಿ ಓದಬಹುದು, ಆಡಬಹುದು, ದುಡಿದು ಗಳಿಸುವಂತಿಲ್ಲ. ತಂಡದ ಗೆಳತಿ ತನ್ನ ಹೆಸರಿನಲ್ಲಿ ಬೂಟಿನ ಜಾಹೀರಾತು ಮಾಡಿ ಹಣ ಪಡೆದರೆ ಇವಳು ನೋಡುತ್ತ ಕೂರಬೇಕು. 21 ತುಂಬಿದರೆ ಆ ವೀಸಾವೇ ಉಳಿಯುವುದಿಲ್ಲ, ಅಂದರೆ ಮೂರನೆಯ ಅಥವಾ ನಾಲ್ಕನೆಯ ಸೀಸನ್ನಿನ ನಡುವೆ ವಿದ್ಯಾರ್ಥಿಗಳ ಎಫ್-1 ವೀಸಾಕ್ಕೆ ಬದಲಾಗಬೇಕು. ಕೋಚ್‌ಗೆ ಇದನ್ನು ಮುಂಚೆಯೇ ಹೇಳಿಬಿಡುವುದು ಒಳ್ಳೆಯದು.

ಪರಿಚಯದ ಒಂದು ಮನೆಯವರಿಗೆ ಹೊರರಾಜ್ಯದ ಡಿವಿಷನ್ ಒನ್ ತಂಡವೊಂದು ಶುಲ್ಕದ ಸಣ್ಣ ಪಾಲನ್ನು, ಡಿವಿಷನ್ ತ್ರೀಯ ಕಾಲೇಜೊಂದು ಅಂಕಗಳ ಆಧಾರದ ಮೇಲೆ ಅರ್ಧಕ್ಕೂ ಹೆಚ್ಚನ್ನು ಕೊಡಲು ಮುಂದೆ ಬಂದವು. ಅವರು ಮೊದಲನೆಯದನ್ನು ಆರಿಸಿಕೊಂಡರು. ಎರಡನೆಯ ವರ್ಷ ಮಗಳ ಮಂಡಿಯ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯಿತು. ಹುಡುಗಿಯರಲ್ಲಿ ಈ ಗಾಯ ಹುಡುಗರಿಗಿಂತ ಹೆಚ್ಚು. ಅವಳು ಸುಧಾರಿಸಿಕೊಳ್ಳುವಷ್ಟರಲ್ಲಿ ಕೋಚ್ ಬದಲಾಗಿದ್ದ, ಹೊಸಬ ತನ್ನ ಆಟಗಾರ್ತಿಯರನ್ನು ಪೋರ್ಟಲ್‌ನಿಂದ ಕರೆತಂದಿದ್ದ. ಡಿವಿಷನ್ ತ್ರೀಯಲ್ಲಾಗಿದ್ದರೆ ಅವಳ ನೆರವು ಮಂಡಿಯನ್ನೂ ಕೋಚನ್ನೂ ನಂಬಿಕೊಂಡಿರುತ್ತಿರಲಿಲ್ಲ.

ಆದ್ದರಿಂದ ಕೋಚ್‌ನೊಡನೆ ಕುಳಿತಾಗ ತಂದೆತಾಯಿ ಬಾಯಿ ಮುಚ್ಚಿಕೊಂಡಿದ್ದು, ಮಗಳೇ ಕೇಳಬೇಕಾದ ಪ್ರಶ್ನೆಗಳು ಕೆಲವಿವೆ: ನನ್ನ ಸ್ಥಾನದಲ್ಲಿ ಈಗ ಎಷ್ಟು ಮಂದಿ ಇದ್ದಾರೆ, ಅವರಲ್ಲಿ ಯಾರು ಯಾವಾಗ ಹೋಗುತ್ತಾರೆ, ಕಳೆದ ವರ್ಷ ಸೇರಿದ ಹೊಸಬರು ಎಷ್ಟು ನಿಮಿಷ ಆಡಿದರು, ಪೋರ್ಟಲ್‌ನಿಂದ ಎಷ್ಟು ಮಂದಿಯನ್ನು ತರುತ್ತೀರಿ. ಮಗಳೊಡನೆ ಮಾತಾಡಿದ ಕೋಚ್ ಒಬ್ಬರು ತಮ್ಮ ಹಾಳೆಯನ್ನೇ ಮೇಜಿನ ಮೇಲಿಟ್ಟು, ಮಿಡ್‌ಫೀಲ್ಡ್‌ನಲ್ಲಿ ನೀನೀಗ ಐದನೆಯವಳಾಗುತ್ತೀಯ, ಮೂರನೆಯ ವರ್ಷಕ್ಕೆ ಮೊದಲು ಹನ್ನೊಂದರಲ್ಲಿ ಜಾಗ ಸಿಗುವುದು ಅನುಮಾನ ಎಂದು ಹೇಳಿದರು. ಇನ್ನೊಬ್ಬರು ಹೊಸ ಜಿಮ್ ತೋರಿಸಿ, ತಂಡದ ಜರ್ಸಿ ತೊಡಿಸಿ ಫೋಟೊ ತೆಗೆಸಿದರು. ಪ್ರಶ್ನೆ ಕೇಳಿದಾಗ "ನಮ್ಮಲ್ಲಿ ಎಲ್ಲರಿಗೂ ಅವಕಾಶವಿದೆ" ಎಂದರು. ಅವರ ಹಾಳೆಯಲ್ಲಿ ಮಗಳ ಹೆಸರು ಎಷ್ಟನೆಯದೆಂದು ನಾವು ಕಾರಿಗೆ ಬರುವಷ್ಟರಲ್ಲಿ ಊಹಿಸಿಕೊಂಡಿದ್ದೆವು.