ಶೇಕ್ ಆಗೇತಲ್ಲೋ!
ಹುಬ್ಬಳ್ಳಿಯ ಉಣಕಲ್ ಹತ್ತಿರ ಸಂಜೆ ಹೊತ್ತು, ಧಾರವಾಡಕ್ಕೆ ಓಡಾಡೋ ಚಿಗರಿ ಬಸ್ಸಿನ ಫೋಟೋ ತೆಗೆದಿದ್ದೆ. ಶಟರ್ ಅರ್ಧ ಸೆಕೆಂಡ್ ತೆರೆದಿಟ್ಟು, ಬೇಕಂತಲೇ ಕ್ಯಾಮೆರಾ ಅಲ್ಲಾಡಿಸಿ. ದೀಪಗಳು ಉದ್ದುದ್ದ ಗೆರೆಯಾಗಿ ಹರಿದಿದ್ದವು, ಸ್ಟಾಪಿನಲ್ಲಿದ್ದ ಮಂದಿ ಅರ್ಧ ಕರಗಿದ್ದರು. ಗೆಳೆಯರಿಗೆ ತೋರಿಸಿದರೆ ಮೊದಲ ಮಾತೇ, "ಶೇಕ್ ಆಗೇತಲ್ಲೋ, ಒಂದು ಸ್ಟ್ಯಾಂಡ್ ತಗೋ!"

ಅಲ್ರೀ, ಅಲ್ಲಾಡಿಸಿದ್ದೇ ನಾನು! ಇಷ್ಟವಾಗಲಿಲ್ಲ ಅನ್ನಿ, ಬೇಜಾರಿಲ್ಲ. ಆದರೆ ಏನು ಮಾಡೋಕೆ ಹೊರಟಿದ್ದೆ ಅಂತ ಒಂದು ಮಾತು ಕೇಳಬಾರದಾ? ಬಲಗಡೆ ಬೀದಿದೀಪ ಕಣ್ಣಿಗೆ ಹೊಡೆಯುತ್ತೆ, ಕ್ರಾಪ್ ಮಾಡು ಅನ್ನಿ. ಎಲ್ಲವೂ ಕರಗಿದರೆ ಕಣ್ಣು ಎಲ್ಲಿ ನಿಲ್ಲಬೇಕು ಅಂತ ಬೈಯಿರಿ. ಆಗ ಮುಂದಿನ ಸಲ ಬಸ್ಸಿನ ವೇಗಕ್ಕೇ ಕ್ಯಾಮೆರಾ ತಿರುಗಿಸುತ್ತಾ ಹೋಗ್ತೀನಿ. ಬಸ್ಸು ಸಾಕಷ್ಟು ಸ್ಪಷ್ಟ ಬರುತ್ತೆ, ಹಿಂದಿನದು ಮಾತ್ರ ಗೆರೆಯಾಗುತ್ತೆ. ಅಂಥ ಸಲಹೆ ಕೆಲಸಕ್ಕೆ ಬರುತ್ತೆ ಅಲ್ವಾ?

"ಸೂಪರ್ ಪಾ" ಅನ್ನೋರದ್ದು ಇನ್ನೂ ದೊಡ್ಡ ಕಾಟ. ಫೋಟೋ ಮೇಲೆ ಕಣ್ಣೇ ನಿಂತಿರಲ್ಲ, ಕೈ ಆಗಲೇ ಗಿರಮಿಟ್ ಪ್ಲೇಟಿನಲ್ಲಿ! (ಗಿರಮಿಟ್ ಚೆನ್ನಾಗಿತ್ತು, ಅದು ಬೇರೆ ಮಾತು.) "ಯಾಕೆ ಸೂಪರ್?" ಅಂದರೆ ಸುಮ್ನೆ ನಗ್ತಾರೆ.

ಇದೇ ಮಂದಿ ಮದುವೆ ಫೋಟೋದಲ್ಲಿ ಹಿಂದೆ ನಿಂತ ನೆಂಟರನ್ನೆಲ್ಲ ಮಸುಕು ಮಾಡಿಸೋಕೆ ದುಡ್ಡು ಕೊಡ್ತಾರೆ.