ಅರ್ಧಕ್ಕೆ ಬಿಟ್ಟ ಕಾದಂಬರಿಯೂ ನಾನು ಓದಿದ ಕಾದಂಬರಿಯೇ

ನಿನ್ನೆ ರಾತ್ರಿಯಿಂದ ಹೊಟ್ಟೆಯೊಳಗೆ ಕುದಿಯುತ್ತಿದೆ. ಬರೆದು ಹಾಕದೆ ಬೇರೆ ಕೆಲಸಕ್ಕೆ ಕೈ ಹೋಗುತ್ತಿಲ್ಲ.

ಮೊನ್ನೆ ಒಂದು ಹೊಸ ಕಾದಂಬರಿಯ ಬಗ್ಗೆ ಇಲ್ಲೇ ನಾಲ್ಕು ಸಾಲು ಹಾಕಿದ್ದೆ, ನೋಡಿರುತ್ತೀರಿ. ಅದರ ಹೆಸರು ಮತ್ತೆ ಎತ್ತುವುದಿಲ್ಲ, ನನ್ನ ಜಗಳ ಆ ಪುಸ್ತಕದ ಜೊತೆ ಅಲ್ಲ. 340 ಪುಟದ ಕಾದಂಬರಿ, 187ನೇ ಪುಟದಲ್ಲಿ ಬಿಟ್ಟೆ, ಯಾಕೆ ಬಿಟ್ಟೆ ಅಂತಲೂ ಹೇಳಿದ್ದೆ. ರಾತ್ರಿ ನೋಡಿದರೆ ಕೆಳಗೆ ಒಬ್ಬರ ಉತ್ತರ: "ಪೂರ್ತಿ ಓದದವರಿಗೆ ಮಾತಾಡುವ ಹಕ್ಕಿಲ್ಲ. ಮೊದಲು ಮುಗಿಸಿ, ಆಮೇಲೆ ಬನ್ನಿ." ಅದಕ್ಕೆ ನಲವತ್ತಕ್ಕೂ ಹೆಚ್ಚು ಲೈಕು. ಲೈಕ್ ಒತ್ತಿದವರಲ್ಲಿ ನನ್ನನ್ನು ವರ್ಷಗಳಿಂದ ಬಲ್ಲವರೂ ಇದ್ದಾರೆ. ಮೈ ಉರಿದುಹೋಯಿತು.

ಹಾಗಾದರೆ ಆ 187 ಪುಟ ನಾನು ಮಾಡಿದ್ದೇನು?

ಆ ಕಾದಂಬರಿಯಲ್ಲಿ ಒಬ್ಬ ತಾಯಿ ಇದ್ದಾಳೆ. ಮೂರು ಮಾತಿಗಿಂತ ಹೆಚ್ಚು ಆಡುವವಳಲ್ಲ. ಮಗ ಏನಾದರೂ ಕೇಳಿದರೆ ಉತ್ತರ ಕೊಡದೆ ಎದ್ದುಹೋಗಿ ಕಿಟಕಿ ಮುಚ್ಚುತ್ತಾಳೆ. ಗಂಡ ಸತ್ತ ರಾತ್ರಿ ಅವಳ ಬಾಯಿಂದ ಬರುವುದು "ದೀಪ ಸಣ್ಣ ಮಾಡು" ಅನ್ನುವುದೊಂದೇ. ಆ ಪುಟಕ್ಕೆ ಬಂದಾಗ ನಾನು ಪುಸ್ತಕ ಮಡಿಲಲ್ಲಿಟ್ಟುಕೊಂಡು ಎಷ್ಟೋ ಹೊತ್ತು ಸುಮ್ಮನೆ ಕೂತಿದ್ದೆ. ಅಂಥವಳು 185ನೇ ಪುಟದಲ್ಲಿ ಇದ್ದಕ್ಕಿದ್ದಂತೆ ಬಾಯಿ ತೆರೆದು ಎರಡೂವರೆ ಪುಟ ಭಾಷಣ ಮಾಡುತ್ತಾಳೆ. ಹೆಣ್ಣು, ಸಮಾಜ, ಬಿಡುಗಡೆ. ಒಂದೊಂದು ಮಾತೂ ಸರಿಯಾದದ್ದೇ, ನಾನೂ ಒಪ್ಪುವಂಥದ್ದೇ. ಆದರೆ ಅವಳದ್ದಲ್ಲ. ಬರೆದವರು ಅವಳನ್ನು ಪಕ್ಕಕ್ಕೆ ಸರಿಸಿ ಆ ಜಾಗದಲ್ಲಿ ತಾವು ಬಂದು ನಿಂತಿದ್ದರು. 187ರ ಅಂಚಿನಲ್ಲಿ ನನ್ನ ಪೆನ್ಸಿಲ್ ಬರಹ ಇದೆ: "ಇವಳು ಹೀಗೆ ಮಾತಾಡುವವಳಲ್ಲ." ಅಲ್ಲಿಗೆ ಮುಚ್ಚಿಟ್ಟೆ. ಅವಳ ಪರಿಚಯ ಚೆನ್ನಾಗಿ ಆಗಿದ್ದರಿಂದಲೇ ಮುಂದೆ ಹೋಗಲಾಗಲಿಲ್ಲ.

ಇದು ಓದಲ್ಲವೇ? ಓದು ಅಂದರೆ ಮತ್ತೇನು ಸ್ವಾಮಿ?

ಈಗ ಇನ್ನೊಂದು ಕಥೆ ಕೇಳಿ. ಎರಡು ವರ್ಷದ ಹಿಂದೆ ಎಲ್ಲರ ಬಾಯಲ್ಲೂ ಇದ್ದ ಒಂದು ದಪ್ಪ ಕಾದಂಬರಿಯನ್ನು ಹಠಕ್ಕೆ ಬಿದ್ದು ಮುಗಿಸಿದೆ. ಕೊನೆಯ ಇನ್ನೂರು ಪುಟ ನಾನು ಓದಲಿಲ್ಲ, ಕಣ್ಣು ಓಡಿಸಿದೆ. ಉದ್ಧರಣ ಚಿಹ್ನೆ ಎಲ್ಲಿದೆ ಅಂತ ಹುಡುಕಿ ಮಾತುಕತೆ ಮಾತ್ರ ನೋಡಿಕೊಂಡು, ಮಳೆ, ಬೆಟ್ಟ, ನೆನಪು ಎಲ್ಲವನ್ನೂ ಹಾರಿಸಿಕೊಂಡು ಹೋದೆ. ಕೊನೆಯ ಪುಟ ಮುಟ್ಟಿದ ಕೂಡಲೇ "ಮುಗಿಸಿದೆ" ಅಂತ ಫೋಟೋ ಹಾಕಿದೆ. ಅಭಿನಂದನೆಗಳ ಸುರಿಮಳೆ. ಇವತ್ತು ಆ ನಾಯಕಿಯ ತಮ್ಮನ ಹೆಸರು ಕೇಳಿದರೆ ನನಗೆ ಗೊತ್ತಿಲ್ಲ. ಆದರೂ ಅದರ ಬಗ್ಗೆ ಮಾತಾಡಲು ನನಗೆ ಹಕ್ಕಿದೆ, ಈ ತಾಯಿಯ ಬಗ್ಗೆ ಇಲ್ಲ. ನನ್ನನ್ನು ಸುಡುತ್ತಿರುವುದು ಇದೇ. ಓದನ್ನು ಅಳೆಯುವ ಕೋಲು ಕೊನೆಯ ಪುಟ ಒಂದೇ ಆಗಿಬಿಟ್ಟಿದೆ. ಹೇಗೆ ಓದಿದಿರಿ ಅಂತ ಯಾರೂ ಕೇಳುವುದಿಲ್ಲ, ಎಷ್ಟು ಮುಗಿಸಿದಿರಿ ಅಂತ ಕೇಳುತ್ತಾರೆ. ವರ್ಷದ ಕೊನೆಯಲ್ಲಿ ನಾವೆಲ್ಲ ಹಾಕಿಕೊಳ್ಳುವ ಪಟ್ಟಿಗಳಲ್ಲಿ ಬಿಟ್ಟ ಪುಸ್ತಕಕ್ಕೆ ಒಂದು ಸಾಲೂ ಇರುವುದಿಲ್ಲ.

ಈ ಕೋಲಿಗೆ ಹೆದರಿ ನಾನೂ ಒಂದು ಸುಳ್ಳನ್ನು ಬಹಳ ಕಾಲದಿಂದ ಸಾಕಿಕೊಂಡು ಬಂದಿದ್ದೇನೆ. ಇವತ್ತು ಹೇಳಿಬಿಡುತ್ತೇನೆ. ಟಾಲ್‌ಸ್ಟಾಯ್ ಅವರ 'ಯುದ್ಧ ಮತ್ತು ಶಾಂತಿ'ಯನ್ನು ನಾನು ಮುಗಿಸಿಲ್ಲ.

ಹದಿನೈದು ವರ್ಷದಿಂದ ಮುಗಿಸಿದ್ದೇನೆ ಅಂತಲೇ ಹೇಳುತ್ತಿದ್ದೇನೆ. ನಿಮ್ಮಲ್ಲಿ ಕೆಲವರಿಗೆ ಓದಿ ಅಂತ ಒತ್ತಾಯವನ್ನೂ ಮಾಡಿದ್ದೇನೆ. ನಾಲ್ಕು ಸಂಪುಟ ಓದಿದೆ. ಉಪಸಂಹಾರದ ಮೊದಲ ಭಾಗವನ್ನೂ ಓದಿದೆ, ನತಾಶಾ ಮತ್ತು ಪಿಯೇರ್ ಮಕ್ಕಳೊಂದಿಗರಾಗಿ ಸಂಸಾರ ಮಾಡುವ ಭಾಗ. ಆಮೇಲೆ ಎರಡನೆಯ ಭಾಗ ಬಂತು. ಅದರಲ್ಲಿ ಪಾತ್ರಗಳೇ ಇಲ್ಲ. ಹನ್ನೆರಡು ಅಧ್ಯಾಯ, ಚರಿತ್ರೆಯನ್ನು ನಡೆಸುವ ಶಕ್ತಿ ಯಾವುದು, ಮನುಷ್ಯನಿಗೆ ಸ್ವಂತ ಇಚ್ಛೆ ಅನ್ನುವುದು ಇದೆಯೇ ಎಂಬ ಚರ್ಚೆ. ಎರಡು ಅಧ್ಯಾಯಕ್ಕೆ ನಿಂತುಬಿಟ್ಟೆ. 1869ರಲ್ಲಿ ಪೂರ್ತಿಯಾಗಿ ಬಂದ ಈ ಕಾದಂಬರಿಯ 1873ರ ಆವೃತ್ತಿಯಲ್ಲಿ ಟಾಲ್‌ಸ್ಟಾಯ್ ತಾವೇ ಇಂಥ ತತ್ವಚರ್ಚೆಗಳನ್ನು ಕಥೆಯಿಂದ ಬೇರೆ ಮಾಡಿ ಅನುಬಂಧಕ್ಕೆ ಹಾಕಿದ್ದರು. ಮುಂದಿನ ಆವೃತ್ತಿಗಳಲ್ಲಿ ಅವು ಮತ್ತೆ ಒಳಗೆ ಬಂದವು. ಇದು ಗೊತ್ತಾದ ದಿನ ನನ್ನ ಎದೆಯ ಮೇಲಿನ ಕಲ್ಲು ಸ್ವಲ್ಪ ಸರಿಯಿತು. ಆದರೂ ಬಾಯಿಬಿಟ್ಟು ಹೇಳಲು ಧೈರ್ಯ ಬರಲಿಲ್ಲ. ಆಸ್ಟರ್ಲಿಟ್ಸ್‌ನ ರಣರಂಗದಲ್ಲಿ ಗಾಯಗೊಂಡು ಅಂಗಾತ ಬಿದ್ದ ಆಂದ್ರೇ ಮೇಲಿನ ಆಕಾಶ ನೋಡುವ ಆ ಪುಟಗಳನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಹತ್ತು ಅಧ್ಯಾಯ ಉಳಿಸಿದ್ದಕ್ಕೆ ಆ ಆಕಾಶದ ಮೇಲೆ ನನಗೆ ಹಕ್ಕಿಲ್ಲವೇ?

ಬಿಡುವವರು ನಾವಷ್ಟೇ ಅಲ್ಲ. 2014ರಲ್ಲಿ ಜೋರ್ಡನ್ ಎಲೆನ್‌ಬರ್ಗ್ ಎಂಬ ಗಣಿತಜ್ಞ ಕಿಂಡಲ್ ಓದುಗರು ಯಾವ ಸಾಲುಗಳಿಗೆ ಗೆರೆ ಎಳೆಯುತ್ತಾರೆ ಅಂತ ನೋಡಿ ಒಂದು ಅಂದಾಜು ಮಾಡಿದರು. ಗೆರೆ ಎಳೆದ ಸಾಲುಗಳೆಲ್ಲ ಮುಂಭಾಗದಲ್ಲೇ ಇದ್ದರೆ ಜನ ಮುಂದೆ ಹೋಗಿಲ್ಲ ಅಂತ ಲೆಕ್ಕ. ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರ ಪ್ರಸಿದ್ಧ ಪುಸ್ತಕ 'ಎ ಬ್ರೀಫ್ ಹಿಸ್ಟರಿ ಆಫ್ ಟೈಮ್'ಗೆ ಬಂದ ಅಂಕ 6.6%, ಅಂದರೆ ಜನ ಸರಾಸರಿ ಅಷ್ಟು ಪಾಲು ಮಾತ್ರ ಓದಿರಬಹುದು ಅಂತ; ಆ ಸೂಚ್ಯಂಕಕ್ಕೆ ಹಾಕಿಂಗ್ ಹೆಸರನ್ನೇ ಇಟ್ಟರು. ಇದು ವೈಜ್ಞಾನಿಕವೇನಲ್ಲ ಅಂತ ಎಲೆನ್‌ಬರ್ಗ್ ಅವರೇ ಹೇಳಿದ್ದರು, ಇರಲಿ. ಕೊಂಡು ಅರ್ಧಕ್ಕೆ ಬಿಟ್ಟವರು ಲೋಕವೆಲ್ಲ ಇದ್ದಾರೆ, ಬಿಟ್ಟೆ ಅಂತ ಹೇಳುವವರು ಮಾತ್ರ ಕಡಿಮೆ.

"ಬರೆದವರ ವರ್ಷಗಳ ಶ್ರಮಕ್ಕೆ ಬೆಲೆ ಬೇಡವೇ? ಕೊನೆಯಲ್ಲಿ ಎಲ್ಲ ಬದಲಾಗಬಹುದಲ್ಲ?" ಅಂತ ಕೇಳುವವರಿದ್ದಾರೆ. ಶ್ರಮದ ಮಾತಿಗೆ ನನ್ನ ಉತ್ತರ ಇಷ್ಟೇ: ಅರೆಮನಸ್ಸಿನಲ್ಲಿ ಹಾಳೆ ಮಗುಚುವುದು ಯಾವ ಲೇಖಕರಿಗೂ ಕೊಡುವ ಗೌರವ ಅಲ್ಲ. ಎರಡನೆಯ ಪ್ರಶ್ನೆ ನನ್ನನ್ನೂ ಕಾಡಿದೆ. ಯಾಕೆಂದರೆ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ನಾನು ಎರಡು ಸಲ ಬಿಟ್ಟಿದ್ದೆ.

ಮೊದಲ ಸಲ ಬಿಟ್ಟಾಗ ನನಗೆ ಇಪ್ಪತ್ತು ವರ್ಷ. ಸಿಂಬಾವಿ, ಹಳೆಮನೆ, ಕೋಣೂರು, ಬೆಟ್ಟಳ್ಳಿ, ಹೂವಳ್ಳಿ ಅಂತ ಊರು ಮನೆಗಳ ಹೆಸರು ಬರುತ್ತಲೇ ಇದ್ದವು, ಯಾರು ಯಾವ ಮನೆಯವರು ಅಂತ ತಲೆಬುಡ ಹತ್ತಲಿಲ್ಲ. ಎರಡನೆಯ ಸಲ ಇನ್ನಷ್ಟು ದೂರ ಹೋಗಿ ನಿಂತೆ. ಆದರೆ ಗುತ್ತಿ, ಅವನ ಹಿಂದೆ ನಡೆಯುವ ಹುಲಿಯ ಅನ್ನುವ ನಾಯಿ, ಇವರಿಬ್ಬರೂ ನನ್ನನ್ನು ಬಿಡಲೇ ಇಲ್ಲ. ಎಷ್ಟೋ ವರ್ಷ ಆ ಕಾಡುದಾರಿಯಲ್ಲೇ ನಡೆಯುತ್ತಿದ್ದರು. ಮೂರನೆಯ ಸಲ ಒಂದು ಹಾಳೆಯ ಮೇಲೆ ಮನೆಗಳ ಹೆಸರು ಬರೆದು, ಕೋಣೂರಿನ ಕೆಳಗೆ ಮುಕುಂದಯ್ಯ, ಹೂವಳ್ಳಿಯ ಕೆಳಗೆ ಚಿನ್ನಮ್ಮ ಅಂತ ತುಂಬಿಸುತ್ತಾ ಓದಿದೆ. ಕೊನೆಗೆ ತುಂಬಿ ಹರಿಯುವ ತುಂಗೆ ಹುಲಿಯನನ್ನು ಕೊಚ್ಚಿಕೊಂಡು ಹೋದಾಗ ಬಿಕ್ಕಿ ಬಿಕ್ಕಿ ಅತ್ತೆ. ನೋಡಿದಿರಾ, ಕೊನೆಯವರೆಗೂ ಹೋಗಬೇಕು ಅಂತ ನೀವೇ ಒಪ್ಪಿದಿರಿ ಅನ್ನಬೇಡಿ. ಇಪ್ಪತ್ತರಲ್ಲಿ ಹಠಕ್ಕೆ ಬಿದ್ದು ಕಣ್ಣು ಓಡಿಸಿ ಮುಗಿಸಿದ್ದರೆ ಅದು ಮುಗಿದವುಗಳ ಸಾಲಿಗೆ ಸೇರಿ ಧೂಳು ಹಿಡಿದು ಕೂರುತ್ತಿತ್ತು, ಮತ್ತೆ ಕೈಗೆತ್ತಿಕೊಳ್ಳುತ್ತಿರಲಿಲ್ಲ. ಬಿಟ್ಟದ್ದಕ್ಕೇ ಅದು ನನಗೆ ಪೂರ್ತಿ ದಕ್ಕಿತು.

ದೇವನೂರ ಮಹಾದೇವ ಅವರ 'ಕುಸುಮಬಾಲೆ'ಯದ್ದೂ ಹಾಗೇ. 1984ರಲ್ಲಿ ಬಂದ ತೆಳ್ಳಗಿನ ಪುಸ್ತಕ. ಕಣ್ಣಿನಲ್ಲಿ ಓದಿದಾಗ ಆ ಆಡುಮಾತು ಕೈಗೆ ಸಿಗದೆ ಬಿಟ್ಟಿದ್ದೆ. ಒಂದು ದಿನ ಒಬ್ಬಳೇ ಇದ್ದಾಗ ಗಟ್ಟಿಯಾಗಿ ಓದಿದೆ. ಜೋತಮ್ಮಗಳು, ಅಂದರೆ ಜೀವ ತಳೆದ ದೀಪದ ಕುಡಿಗಳು, ಸೇರಿ ಮಾತಾಡುವ ಭಾಗ ಬಂದಾಗ ನನ್ನ ದನಿ ನನಗೇ ಬೇರೆಯವರದ್ದು ಅನ್ನಿಸಿತು. ಒಂದೇ ಕೂತಿನಲ್ಲಿ ಮುಗಿಯಿತು.

ಇನ್ನು ಜರ್ಮನ್ ಭಾಷೆಯಲ್ಲಿ ಬರೆದ ಕಾದಂಬರಿಕಾರ ಫ್ರಾನ್ಜ್ ಕಾಫ್ಕಾ. 1924ರಲ್ಲಿ ಅವರು ತೀರಿಕೊಂಡ ಮೇಲೆ, 1926ರಲ್ಲಿ ಅಚ್ಚಾದ 'ದಿ ಕ್ಯಾಸಲ್' ಕಾದಂಬರಿಯ ಹಸ್ತಪ್ರತಿ ಒಂದು ವಾಕ್ಯದ ನಡುವೆಯೇ ನಿಂತುಹೋಗುತ್ತದೆ. ಬರೆದವರೇ ಮುಗಿಸಿಲ್ಲ. ನಾನು ಕೊನೆಯ ಪದದವರೆಗೆ ಓದಿದ್ದೇನೆ. ಇದನ್ನು ಯಾವ ಪಟ್ಟಿಗೆ ಸೇರಿಸಲಿ ಹೇಳಿ, ಹಕ್ಕಿನ ಲೆಕ್ಕ ಹಾಕುವವರು. ಫ್ರೆಂಚ್ ಲೇಖಕ ಡೇನಿಯಲ್ ಪೆನಾಕ್ 1992ರಲ್ಲೇ ಓದುಗರಿಗೆ ಹತ್ತು ಹಕ್ಕುಗಳಿವೆ ಅಂತ ಬರೆದರು, ಅದರಲ್ಲಿ ಮೂರನೆಯದು ಪುಸ್ತಕವನ್ನು ಮುಗಿಸದೇ ಇರುವ ಹಕ್ಕು. ನಮಗೆ ಮಾತ್ರ ಇವತ್ತಿಗೂ ಬಿಟ್ಟದ್ದಕ್ಕೆ ತಲೆ ತಗ್ಗಿಸಿ ನಿಲ್ಲುವ ಪರಿಸ್ಥಿತಿ.

ನನ್ನ ಹತ್ತಿರ ಒಂದು ನೋಟ್‌ಬುಕ್ ಇರುವುದು ನಿಮಗೆ ಗೊತ್ತು. ಎಡಕ್ಕೆ ಮುಗಿಸಿದವು, ಬಲಕ್ಕೆ ಬಿಟ್ಟವು, ಬಿಟ್ಟವುಗಳ ಪಕ್ಕದಲ್ಲಿ ಪುಟದ ಸಂಖ್ಯೆ ಮತ್ತು ಕಾರಣ. ಎಡಗಡೆ ಬರೀ ಹೆಸರು, ತಾರೀಖು. ಬಲಗಡೆಯ ಒಂದೊಂದು ಸಾಲಿನಲ್ಲೂ ನಾನು ಏನಾದರೂ ಹೇಳಿದ್ದೇನೆ. ಈ ಬರಹ ಬರೆಯುವ ಮುಂಚೆ ಅದನ್ನು ತೆಗೆದು ಎಡಗಡೆಯ ಒಂದು ಹೆಸರನ್ನು ಹೊಡೆದುಹಾಕಿದೆ. ಬಲಗಡೆ ಹೊಸದಾಗಿ ಬರೆದೆ: ಯುದ್ಧ ಮತ್ತು ಶಾಂತಿ, ಉಪಸಂಹಾರ, ಎರಡನೆಯ ಭಾಗ, ಎರಡನೆಯ ಅಧ್ಯಾಯ.